ತಲೆಯ ಚಿತ್ರಕ್ಕೆ ಮುಖದ ಅಂಗರಚನೆ: ಯಾವುದರ ನಂತರ ಯಾವುದನ್ನು ಕಲಿಯಬೇಕು

ಭಾವಚಿತ್ರ ಕಲಿಯುತ್ತಿರುವವರು ತಿದ್ದಿಕೊಡಿ ಎಂದು ನನಗೆ ತೋರಿಸುವ ಹಾಳೆಗಳಲ್ಲಿ ಮತ್ತೆ ಮತ್ತೆ ಒಂದೇ ಬಗೆಯ ತಪ್ಪು ಕಾಣುತ್ತದೆ. ರೆಪ್ಪೆಗೂದಲುಗಳನ್ನು ಒಂದೊಂದಾಗಿ ಎಳೆದಿರುತ್ತಾರೆ, ತುಟಿಯ ಹೊಳಪನ್ನು ತಾಳ್ಮೆಯಿಂದ ತಂದಿರುತ್ತಾರೆ. ಆದರೆ ಕಣ್ಣುಗಳು ಹಣೆಯ ಮೇಲಕ್ಕೆ ಏರಿರುತ್ತವೆ, ನೆತ್ತಿ ಕತ್ತರಿಸಿ ತೆಗೆದಂತೆ ಚಪ್ಪಟೆಯಾಗಿರುತ್ತದೆ, ಕಿವಿ ಕೆನ್ನೆಗೆ ಅಂಟಿಸಿದ ಹಾಗಿರುತ್ತದೆ. ಕೈಯಲ್ಲಿ ಪಳಗುವಿಕೆ ಇಲ್ಲದ್ದರಿಂದ ಹೀಗಾಗುತ್ತಿಲ್ಲ, ಕಲಿಯುವ ಕ್ರಮ ತಲೆಕೆಳಗಾಗಿರುವುದರಿಂದ ಆಗುತ್ತಿದೆ. ಹೆಚ್ಚಿನವರು ಮೊದಲು ಕಣ್ಣು, ಆಮೇಲೆ ಮೂಗು, ಆಮೇಲೆ ಬಾಯಿ ಕಲಿತು, ಕಡೆಗೆ ಅವುಗಳ ಸುತ್ತ ಒಂದು ಮೊಟ್ಟೆಯಾಕಾರದ ಗೆರೆ ಎಳೆದು ಅದನ್ನೇ ತಲೆ ಎಂದುಕೊಳ್ಳುತ್ತಾರೆ.

ಇಲ್ಲಿ ಕೊಟ್ಟಿರುವ ಕ್ರಮ ಅದಕ್ಕೆ ಪೂರ್ತಿ ಎದುರಾದದ್ದು. ಮೊದಲು ತಲೆಬುರುಡೆ, ನಂತರ ದವಡೆ, ನಂತರ ಹೊರಗೆ ಕಾಣುವ ಕೆಲವೇ ಸ್ನಾಯುಗಳು, ಅವೆಲ್ಲ ಕೈಗೆ ಬಂದ ಮೇಲಷ್ಟೇ ಕಣ್ಣು, ಮೂಗು, ಬಾಯಿ, ಕಿವಿ. ದಿನಕ್ಕೆ ಒಂದು ಗಂಟೆ ಕೊಟ್ಟರೆ ಸುಮಾರು ಮೂರು ತಿಂಗಳ ಕೆಲಸವಿದು. ಒಂದು ನಿಯಮವನ್ನು ಮಾತ್ರ ಉದ್ದಕ್ಕೂ ಪಾಲಿಸಬೇಕು: ಯಾವ ಭಾಗವನ್ನೇ ಬಿಡಿಸಲಿ, ಪೆನ್ಸಿಲ್ ಹಿಡಿಯುವ ಮೊದಲು ನಿಮ್ಮದೇ ಮುಖದ ಮೇಲೆ ಆ ಭಾಗವನ್ನು ಬೆರಳಿನಿಂದ ಒತ್ತಿ, ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ, ಎಲ್ಲಿ ತಗ್ಗು ಎಂದು ಗುರುತಿಸಿಕೊಳ್ಳಬೇಕು.

ಮೊದಲೇ ಜೋಡಿಸಿಕೊಳ್ಳಬೇಕಾದ ಸಾಮಗ್ರಿ

ಎಚ್‌ಬಿ, 2ಬಿ ಮತ್ತು 4ಬಿ ಪೆನ್ಸಿಲ್ಲುಗಳು, ಕಲಸಿ ಆಕಾರ ಬದಲಿಸಬಹುದಾದ ಮೆತ್ತನೆಯ ರಬ್ಬರ್, ಒಂದು ಕಟ್ಟು ಅಗ್ಗದ ಎ4 ಹಾಳೆ, ಟ್ರೇಸಿಂಗ್ ಪೇಪರ್, ಅಂಗೈಗಿಂತ ದೊಡ್ಡದಾದ ಕನ್ನಡಿ, ಎತ್ತರ ಬದಲಿಸಬಹುದಾದ ಟೇಬಲ್ ಲ್ಯಾಂಪ್ ಸಾಕು. ಒಳ್ಳೆಯ ದಪ್ಪ ಕಾಗದವನ್ನು ಈಗಲೇ ಕೊಳ್ಳಬೇಡಿ. ದುಬಾರಿ ಹಾಳೆಯ ಮುಂದೆ ಕುಳಿತವರು ತಪ್ಪು ಮಾಡಲು ಅಂಜುತ್ತಾರೆ, ಈ ಅಭ್ಯಾಸಕ್ಕಾದರೋ ನೂರಾರು ತಪ್ಪು ಹಾಳೆಗಳು ಬೇಕು.

ಹಣ ಖರ್ಚು ಮಾಡಲೇಬೇಕಾದ ವಸ್ತು ಒಂದೇ, ಪ್ಲಾಸ್ಟಿಕ್ಕಿನ ತಲೆಬುರುಡೆ. ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಮಾಡುವ, ಕೆಳದವಡೆ ಬೇರೆಯಾಗಿ ಅಲುಗಾಡುವ ಮಾದರಿಯನ್ನೇ ಆರಿಸಿ. ಅಲಂಕಾರಕ್ಕೆಂದು ಮಾಡಿದ ಬುರುಡೆಗಳಲ್ಲಿ ಕೆನ್ನೆಮೂಳೆ ಮತ್ತು ಕಣ್ಣುಗೂಡು ಸರಿಯಾಗಿರುವುದಿಲ್ಲ. ಕೊಳ್ಳಲು ಸಾಧ್ಯವಿಲ್ಲದಿದ್ದರೆ, ಮೊಬೈಲಿನಲ್ಲಿ ಬೆರಳಾಡಿಸಿ ತಿರುಗಿಸಬಹುದಾದ ಮೂರು ಆಯಾಮದ ಬುರುಡೆಯೂ ನಡೆಯುತ್ತದೆ. ಒಂದೇ ಕೋನದ ಫೋಟೋ ಮಾತ್ರ ಸಾಲದು.

ಹಂತ 1: ಮುಖ ಬೇರೆ, ತಲೆ ಬೇರೆ ಎಂದು ಅಳತೆಯಿಂದ ತಿಳಿಯುವುದು

ನಮ್ಮ ಶಿಲ್ಪಿಗಳು ವಿಗ್ರಹದ ಅಳತೆಗೆ ಬಳಸುವ ತಾಳಮಾನದಲ್ಲಿ ಮುಖದ ಉದ್ದ 12 ಅಂಗುಲ. ಇಲ್ಲಿ ಅಂಗುಲವೆಂದರೆ ಇಂಚಲ್ಲ, ವಿಗ್ರಹದ ಗಾತ್ರಕ್ಕೆ ತಕ್ಕಂತೆ ಬದಲಾಗುವ ಪಾಲು. ಹಣೆಗೆ 4, ಮೂಗಿಗೆ 4, ಮೂಗಿನ ಬುಡದಿಂದ ಗದ್ದದವರೆಗೆ 4. ಈ ಲೆಕ್ಕ ಕೂದಲು ಹುಟ್ಟುವ ಅಂಚಿನಿಂದ ಗದ್ದದವರೆಗಿನ ಮುಖದ್ದು, ನೆತ್ತಿಯನ್ನು ಒಳಗೊಂಡ ತಲೆಯದ್ದಲ್ಲ. ಕಲಿಯುವವರು ಎಡವುವುದು ಇಲ್ಲಿಯೇ. ಮುಖದ ಮೂರು ಪಾಲುಗಳನ್ನು ಇಡೀ ತಲೆಯ ಮೇಲೆ ಹಂಚಿಬಿಡುತ್ತಾರೆ. ಹುಬ್ಬು ಇರಬೇಕಾದ ಜಾಗಕ್ಕಿಂತ ಮೇಲೆ ಹೋಗುತ್ತದೆ, ಮಿದುಳಿಗೆ ಜಾಗವೇ ಇಲ್ಲದ ತಲೆ ತಯಾರಾಗುತ್ತದೆ.

ಎ4 ಹಾಳೆಯ ಮೇಲೆ 21 ಸೆಂಟಿಮೀಟರ್ ಉದ್ದದ ಒಂದು ಲಂಬ ಗೆರೆ ಎಳೆಯಿರಿ. ಮೇಲ್ತುದಿ ನೆತ್ತಿ, ಕೆಳತುದಿ ಗದ್ದ. ಮೇಲಿನಿಂದ 3 ಸೆಂಟಿಮೀಟರಿಗೆ ಕೂದಲಂಚು, 9ಕ್ಕೆ ಹುಬ್ಬು, 15ಕ್ಕೆ ಮೂಗಿನ ಬುಡ, 21ಕ್ಕೆ ಗದ್ದ ಎಂದು ಗುರುತು ಹಾಕಿ. ಕೂದಲಂಚಿನಿಂದ ಕೆಳಗಿನ ಮೂರೂ ಪಾಲು ತಲಾ 6 ಸೆಂಟಿಮೀಟರ್ ಆಯಿತು. ಕಣ್ಣಿನ ಗೆರೆ ಸರಿಯಾಗಿ ಅರ್ಧಕ್ಕೆ, ಅಂದರೆ 10.5ಕ್ಕೆ ಬರುತ್ತದೆ. ತುಟಿಗಳು ಸೇರುವ ಗೆರೆ ಮೂಗಿನ ಬುಡದಿಂದ ಗದ್ದದವರೆಗಿನ ಪಾಲಿನ ಮೂರನೆಯ ಒಂದು ಭಾಗ ಕೆಳಗೆ, 17ಕ್ಕೆ. ಎದುರಿನಿಂದ ತಲೆಯ ಅಗಲ ಉದ್ದದ ಮೂರನೆಯ ಎರಡರಷ್ಟು, 14 ಸೆಂಟಿಮೀಟರ್. ಕಣ್ಣಿನ ಮಟ್ಟದಲ್ಲಿ ಈ ಅಗಲ ಐದು ಕಣ್ಣುಗಳಷ್ಟು, ಹಾಗಾಗಿ ಒಂದು ಕಣ್ಣಿಗೆ 2.8 ಸೆಂಟಿಮೀಟರ್, ಎರಡು ಕಣ್ಣುಗಳ ನಡುವೆಯೂ ಅಷ್ಟೇ. ಪಕ್ಕದಿಂದ ನೋಡಿದಾಗ ಹಣೆಯಿಂದ ಹಿಂದಲೆಯವರೆಗಿನ ಆಳ ಸುಮಾರು 18 ಸೆಂಟಿಮೀಟರ್, ತಲೆಯ ಎತ್ತರಕ್ಕಿಂತ ಸ್ವಲ್ಪವೇ ಕಡಿಮೆ.

ಇವು ಯಾರೊಬ್ಬರ ಮುಖದ ಅಳತೆಗಳೂ ಅಲ್ಲ. ಎದುರಿಗಿರುವ ವ್ಯಕ್ತಿ ಈ ಸರಾಸರಿಯಿಂದ ಎಲ್ಲಿ ಬೇರೆಯಾಗುತ್ತಾರೆ ಎಂದು ಗುರುತಿಸುವುದರಲ್ಲಿಯೇ ಹೋಲಿಕೆ ಇದೆ. ಆ ವ್ಯತ್ಯಾಸ ಕಾಣಬೇಕಾದರೆ ಸರಾಸರಿ ಬಾಯಿಪಾಠವಾಗಿರಬೇಕು. ಎದುರಿನಿಂದ ಹತ್ತು, ಪಕ್ಕದಿಂದ ಹತ್ತು ಹಾಳೆಗಳನ್ನು ಸ್ಕೇಲ್ ಇಟ್ಟು ಮಾಡಿ, ನಂತರ ಸ್ಕೇಲ್ ಇಲ್ಲದೆ ಹತ್ತು ಮಾಡಿ, ಕೊನೆಗೆ ಅಳೆದು ನೋಡಿ. ಸ್ಕೇಲ್ ಇಲ್ಲದ ಹಾಳೆಯಲ್ಲಿ ಕಣ್ಣಿನ ಗೆರೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಮೇಲೆ ಹೋಗುತ್ತಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 2: ತಲೆಬುರುಡೆಯನ್ನು ಮುದ್ದೆಯಾಗಿ ಕಟ್ಟುವುದು

ತಲೆಬುರುಡೆಯಲ್ಲಿ 22 ಮೂಳೆಗಳಿವೆ. ಚಿತ್ರ ಬಿಡಿಸುವವರು ಅವುಗಳ ಹೆಸರನ್ನು ಉರುಹೊಡೆಯಬೇಕಿಲ್ಲ, ಆದರೆ ಚರ್ಮದ ಕೆಳಗೆ ಮೂಳೆ ನೇರವಾಗಿ ಕೈಗೆ ಸಿಗುವ ಜಾಗಗಳನ್ನು ತಪ್ಪದೆ ತಿಳಿದಿರಬೇಕು. ವಯಸ್ಸಾಗಲಿ, ದಪ್ಪವಾಗಲಿ, ನಗಲಿ, ಅಳಲಿ, ಆ ಜಾಗಗಳು ತಲೆಯ ಮೇಲೆ ಸರಿದಾಡುವುದಿಲ್ಲ.

ಕಣ್ಣು ಮುಚ್ಚಿ ಹುಬ್ಬಿನ ಮೇಲೆ ಬೆರಳಿಡಿ. ಮೂಗಿನ ಬೇರಿನಿಂದ ಹೊರಟು ಹುಬ್ಬಿನ ಕೆಳಗಿನ ಗಟ್ಟಿ ಅಂಚನ್ನೇ ಹಿಡಿದು ಹೊರಗೆ, ಕೆಳಗೆ, ಕಣ್ಣಿನ ಕೆಳಭಾಗಕ್ಕೆ ಬಂದು ಮತ್ತೆ ಮೂಗಿನ ಬದಿಗೆ ತಲುಪಿ. ನೀವು ಸುತ್ತಿದ್ದು ಕಣ್ಣುಗೂಡಿನ ಬಾಯಿ. ಅದು ದುಂಡಗಿಲ್ಲ, ಹೊರಗಡೆಗೆ ಜೋತುಬಿದ್ದ, ಮೂಲೆ ತಿದ್ದಿದ ಚೌಕದ ಹಾಗಿದೆ. ಹೊರ ಅಂಚು ಒಳ ಅಂಚಿಗಿಂತ ಹಿಂದಕ್ಕಿರುವುದೂ ಬೆರಳಿಗೆ ತಿಳಿಯುತ್ತದೆ. ಈಗ ಕಣ್ಣಿನ ಹೊರ ಮೂಲೆಯ ಕೆಳಗಿನ ಕೆನ್ನೆಮೂಳೆಯಿಂದ ಕಿವಿಯ ಕಡೆಗೆ ಬೆರಳು ಎಳೆಯಿರಿ. ಸೇತುವೆಯಂತೆ ಒಂದು ತೆಳ್ಳನೆಯ ಮೂಳೆ ಕಿವಿಯ ತೂತಿನ ಮುಂದಿನವರೆಗೂ ಹೋಗುತ್ತದೆ. ಕೆನ್ನೆಮೂಳೆಯ ಈ ಕಮಾನು ಮುಖದ ಮುಂಭಾಗವನ್ನು ಪಕ್ಕಕ್ಕೆ ಕಟ್ಟುತ್ತದೆ. ಹುಬ್ಬಿನ ಹೊರತುದಿಯಿಂದ ಮೇಲಕ್ಕೆ ಹೋದರೆ ಕಣತಲೆಯ ಗಡಿಯಾಗಿ ಬಾಗಿದ ಏಣು ಸಿಗುತ್ತದೆ. ಹಣೆಯ ಮುಂಭಾಗ ಮುಗಿದು ತಲೆಯ ಪಕ್ಕ ಶುರುವಾಗುವುದು ಅಲ್ಲಿಂದ. ಕೊನೆಯದಾಗಿ ಕಿವಿಹಾಲೆಯ ಹಿಂದೆ ಒತ್ತಿದರೆ ಸಿಗುವ ಗಡ್ಡೆಯಂಥ ಮೂಳೆ, ಮತ್ತು ಹಿಂದಲೆಯಲ್ಲಿ ಕುತ್ತಿಗೆ ಸೇರುವುದಕ್ಕಿಂತ ಸ್ವಲ್ಪ ಮೇಲೆ ಸಿಗುವ ಉಬ್ಬು.

ಇವನ್ನು ಹಾಳೆಯ ಮೇಲೆ ತರುವ ವಿಧಾನ ಹೀಗೆ. ಒಂದು ಚೆಂಡು ಬಿಡಿಸಿ. ಅದರ ಎರಡೂ ಪಕ್ಕಗಳನ್ನು ಹಲಸಿನಕಾಯಿಯ ಸಿಪ್ಪೆ ಹೆರೆದಂತೆ ಸ್ವಲ್ಪ ಸ್ವಲ್ಪವಾಗಿ ಅಲ್ಲ, ಒಂದೇ ಏಟಿಗೆ ಕತ್ತಿಯಿಂದ ಸವರಿದಂತೆ ಚಪ್ಪಟೆ ಮಾಡಿ. ತಲೆ ಪಕ್ಕಗಳಲ್ಲಿ ದುಂಡಗಿಲ್ಲ, ಕಣತಲೆಯಲ್ಲಿ ಚಪ್ಪಟೆಯಾಗಿದೆ. ಸವರಿದ ಪಕ್ಕದ ಮೇಲೆ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ ಹಾಕಿ. ಅಡ್ಡ ಗೆರೆಯನ್ನು ಚೆಂಡಿನ ಮುಂದಕ್ಕೆ ಸುತ್ತಿಸಿದರೆ ಅದೇ ಹುಬ್ಬಿನ ಗೆರೆ. ಚೆಂಡಿನ ಮುಂಭಾಗದ ನಡು ಗೆರೆಯನ್ನು ಕೆಳಕ್ಕೆ ಇಳಿಸಿ, ಕೂದಲಂಚಿನಿಂದ ಹುಬ್ಬಿಗೆ ಎಷ್ಟು ದೂರವೋ ಅಷ್ಟೇ ದೂರದಲ್ಲಿ ಮೂಗಿನ ಬುಡ, ಮತ್ತೆ ಅಷ್ಟೇ ದೂರದಲ್ಲಿ ಗದ್ದ. ಸವರಿದ ಪಕ್ಕದ ಉದ್ದ ಗೆರೆಯ ಹಿಂದೆ, ಅಡ್ಡ ಗೆರೆಯ ಕೆಳಗೆ ಇರುವ ಕಾಲು ಭಾಗದಲ್ಲಿ ಕಿವಿ ಕೂರುತ್ತದೆ.

ಇಲ್ಲಿ ಹೆಚ್ಚು ಕಾಲ ನಿಲ್ಲಬೇಕು, ಎರಡು ವಾರವಾದರೂ. ಬುರುಡೆಯನ್ನು ಮೇಜಿನ ಮೇಲಿಟ್ಟು, ಕೋಣೆಯ ಬೇರೆ ದೀಪಗಳನ್ನೆಲ್ಲ ಆರಿಸಿ, ಲ್ಯಾಂಪನ್ನು ಎಡ ಮೇಲ್ಭಾಗದಿಂದ ಮಾತ್ರ ಬೀಳುವಂತೆ ಇಡಿ. ಕಣ್ಣುಗೂಡು ಕತ್ತಲಾಗುತ್ತದೆ, ಕೆನ್ನೆಮೂಳೆಯ ಮೇಲೆ ಬೆಳಕು ನಿಂತು ಅದರ ಕೆಳಗೆ ತಟ್ಟನೆ ನೆರಳು ಇಳಿಯುತ್ತದೆ, ಹಣೆಯ ಬೆಳಕು ಕಣತಲೆಯ ಏಣಿನ ಹತ್ತಿರ ಮುರಿಯುತ್ತದೆ. ಮುಂದೆ ಜೀವಂತ ಮುಖದ ಮೇಲೆ ನೀವು ಹಾಕಲಿರುವ ನೆರಳುಗಳೆಲ್ಲ ಇವೇ, ಅಂಚು ಮಾತ್ರ ಮೆತ್ತಗಾಗಿರುತ್ತದೆ. ಹಲ್ಲುಗಳನ್ನು ಒಂದೊಂದಾಗಿ ಬಿಡಿಸುತ್ತ ಕೂರಬೇಡಿ. ಹಲ್ಲಿನ ಸಾಲು ಮುಂದಕ್ಕೆ ಬಾಗಿದ ಒಂದು ಅರ್ಧ ಕೊಳವೆ ಎಂದು ತೋರಿಸಿದರೆ ಈ ಹಂತಕ್ಕೆ ಸಾಕು.

ಎಚ್ಚರಿಕೆಯ ಗುರುತು: ಪಕ್ಕದ ನೋಟದಲ್ಲಿ ಕಿವಿಯ ಹಿಂದೆ ನಿಮ್ಮ ತಲೆಗೆ ಎಷ್ಟು ಜಾಗ ಉಳಿದಿದೆ ನೋಡಿ. ಕಿವಿ ಇರುವುದು ತಲೆಯ ಆಳದ ನಡುಗೆರೆಗೆ ತಾಗಿಕೊಂಡು, ಅದರ ಹಿಂದೆ. ಕಿವಿಯ ಹಿಂದೆ ಎರಡು ಬೆರಳಷ್ಟೇ ಜಾಗ ಬಿಟ್ಟಿದ್ದರೆ ಹಿಂದಲೆ ಕತ್ತರಿಸಿ ಹೋಗಿದೆ ಎಂದರ್ಥ, ಎಷ್ಟು ಕೂದಲು ಹಾಕಿದರೂ ಅದು ಸರಿಹೋಗುವುದಿಲ್ಲ.

ಹಂತ 3: ದವಡೆ

ಬುರುಡೆಯಲ್ಲಿ ಕೀಲಿನಿಂದ ಆಡುವ ದೊಡ್ಡ ಭಾಗ ಕೆಳದವಡೆಯೊಂದೇ. ಕಿವಿಯ ತೂತಿನ ಮುಂದೆ ಬೆರಳಿಟ್ಟು ಬಾಯಿ ತೆರೆಯಿರಿ. ಕೀಲು ತಿರುಗುವುದಷ್ಟೇ ಅಲ್ಲ, ಮುಂದಕ್ಕೂ ಜಾರುವುದು ತಿಳಿಯುತ್ತದೆ. ಕಿವಿಯ ಕೆಳಗಿನಿಂದ ದವಡೆ ಇಳಿದು ಒಂದು ಮೂಲೆಯಲ್ಲಿ ತಿರುಗಿ ಗದ್ದದ ಕಡೆಗೆ ಬರುತ್ತದೆ. ಆ ಮೂಲೆ ಹೆಚ್ಚುಕಡಿಮೆ ಬಾಯಿಯ ಮಟ್ಟದಲ್ಲಿರುತ್ತದೆ. ಕಿವಿಯಿಂದ ಗದ್ದಕ್ಕೆ ಒಂದೇ ಬಾಗಿದ ಗೆರೆ ಎಳೆಯುವ ಅಭ್ಯಾಸವಿದ್ದರೆ ಬಿಟ್ಟುಬಿಡಿ, ಅಲ್ಲಿರುವುದು ಎರಡು ಗೆರೆ ಮತ್ತು ಅವು ಕೂಡುವ ಒಂದು ಮೂಲೆ.

ಬಾಯಿ ತೆರೆದ ಮುಖ ಬಿಡಿಸುವಾಗ ಗದ್ದ ಕೆಳಗೆ ಇಳಿಯುತ್ತದೆ, ಇಡೀ ಮುಖ ಉದ್ದವಾಗುತ್ತದೆ. ತುಟಿಗಳ ನಡುವೆ ಕಪ್ಪು ತೂತು ಮಾಡಿ ಗದ್ದವನ್ನು ಇದ್ದಲ್ಲಿಯೇ ಬಿಡುವುದು ತುಂಬ ಸಾಮಾನ್ಯವಾದ ತಪ್ಪು. ಮೇಲ್ದವಡೆ ಎಂದೂ ಅಲುಗುವುದಿಲ್ಲವಾದ್ದರಿಂದ ಮೇಲಿನ ಹಲ್ಲುಗಳು ಮೂಗಿನಿಂದ ಯಾವಾಗಲೂ ಅದೇ ದೂರದಲ್ಲಿರಬೇಕು.

ಹಂತ 4: ಹೊರಗೆ ಕಾಣುವ ಸ್ನಾಯುಗಳು ಮಾತ್ರ

ಅಂಗರಚನೆಯ ಪಟ ತೆರೆದೊಡನೆ ಕೆಂಪು ಎಳೆಗಳ ರಾಶಿ ಕಂಡು ಅನೇಕರು ಇಲ್ಲಿಗೇ ಅಭ್ಯಾಸ ನಿಲ್ಲಿಸುತ್ತಾರೆ. ಎಲ್ಲವೂ ಬೇಕಿಲ್ಲ. ಎರಡು ಗುಂಪು ಮಾಡಿಕೊಳ್ಳಿ.

ಮೊದಲನೆಯದು ಜಗಿಯುವ ಸ್ನಾಯುಗಳು. ಹಲ್ಲು ಕಚ್ಚಿ ಹಿಡಿದರೆ ದವಡೆಯ ಮೂಲೆಯ ಮೇಲೆ ಗಟ್ಟಿಯಾಗಿ ಉಬ್ಬುವುದು ಮ್ಯಾಸಟರ್. ಅದು ಕೆನ್ನೆಮೂಳೆಯ ಕಮಾನಿನಿಂದ ದವಡೆಯ ಮೂಲೆಗೆ ಇಳಿಯುತ್ತದೆ. ಅದೇ ಹೊತ್ತಿಗೆ ಕಣತಲೆಯಲ್ಲಿ ಬೆರಳಿಟ್ಟರೆ ಅಲ್ಲಿ ಮಿಡಿಯುವುದು ಟೆಂಪೊರಾಲಿಸ್. ಬೀಸಣಿಗೆಯ ಹಾಗೆ ಹರಡಿಕೊಂಡು ಕಮಾನಿನ ಒಳಗಿನಿಂದ ಹಾದು ಕೆಳದವಡೆಯನ್ನು ಹಿಡಿಯುತ್ತದೆ. ಇವೆರಡೂ ಮೂಳೆಯಿಂದ ಮೂಳೆಗೆ ಹೋಗುವಂಥವು, ತಲೆಯ ಆಕಾರವನ್ನೇ ತುಂಬುವಂಥವು.

ಎರಡನೆಯದು ಭಾವ ತೋರಿಸುವ ಸ್ನಾಯುಗಳು. ಇವುಗಳ ವಿಶೇಷವೆಂದರೆ ಹೆಚ್ಚಿನವು ಒಂದು ತುದಿಯಲ್ಲಿ ಮೂಳೆಗೂ ಇನ್ನೊಂದು ತುದಿಯಲ್ಲಿ ಚರ್ಮಕ್ಕೋ ಮತ್ತೊಂದು ಸ್ನಾಯುವಿಗೋ ಅಂಟಿಕೊಂಡಿವೆ. ಆದ್ದರಿಂದ ಸ್ನಾಯು ಕುಗ್ಗಿದರೆ ಚರ್ಮ ಎಳೆಯಲ್ಪಟ್ಟು, ಸ್ನಾಯುವಿನ ಎಳೆಗಳಿಗೆ ಅಡ್ಡಲಾಗಿ ಸುಕ್ಕು ಬೀಳುತ್ತದೆ. ಹಣೆಯ ಸ್ನಾಯುವಿನ ಎಳೆಗಳು ಮೇಲೆ ಕೆಳಗೆ ಓಡುತ್ತವೆ, ಹಾಗಾಗಿ ಹಣೆಯ ಸುಕ್ಕು ಅಡ್ಡ. ಹುಬ್ಬು ಗಂಟಿಕ್ಕುವ ಸ್ನಾಯು ಓರೆಯಾಗಿ ಅಡ್ಡ ಮಲಗಿದೆ, ಹಾಗಾಗಿ ಹುಬ್ಬುಗಳ ನಡುವಿನ ಗೆರೆ ಉದ್ದ. ಕಣ್ಣಿನ ಸುತ್ತ ಉಂಗುರದಂತೆ ಸುತ್ತಿದ ಸ್ನಾಯುವಿನಿಂದ ಕಣ್ಣಂಚಿನ ಸುಕ್ಕುಗಳು ಕಿರಣಗಳ ಹಾಗೆ ಹರಡುತ್ತವೆ. ಇದೊಂದು ನಿಯಮ ತಿಳಿದವರಿಗೆ ವಯಸ್ಸಾದವರ ಮುಖದ ಮೇಲೆ ಎಲ್ಲಿ ಯಾವ ಗೆರೆ ಎಂದು ಊಹಿಸಬೇಕಾಗಿಲ್ಲ.

ಬಾಯಿಯ ಸುತ್ತಲೂ ಒಂದು ಉಂಗುರದ ಸ್ನಾಯು ಇದೆ. ಕೆನ್ನೆಮೂಳೆಯಿಂದ ಕಟಬಾಯಿಗೆ ಇಳಿಯುವ ಝೈಗೊಮ್ಯಾಟಿಕಸ್ ನಗುವಿನದು, ಗದ್ದದ ಬದಿಯಿಂದ ಕಟಬಾಯಿಗೆ ಏರುವುದು ಬೇಸರದ್ದು. ಇವೆಲ್ಲ ಕಟಬಾಯಿಯ ಪಕ್ಕದ ಒಂದೇ ಗಂಟಿನಲ್ಲಿ ಸೇರುತ್ತವೆ. ಬೆರಳಿನಿಂದ ಹಿಡಿದರೆ ಆ ಗಂಟು ದಪ್ಪಗೆ ಸಿಗುತ್ತದೆ. ಚಿತ್ರದಲ್ಲಿ ಅದನ್ನು ತುಟಿಯಾಚೆಗಿನ ಸಣ್ಣ ಉಬ್ಬಾಗಿಯೂ ಅದಕ್ಕೆ ತಾಗಿದ ಸಣ್ಣ ನೆರಳಾಗಿಯೂ ತೋರಿಸದಿದ್ದರೆ ಬಾಯಿ ಮುಖದ ಮೇಲೆ ಅಂಟಿಸಿದ ಕಾಗದದ ಹಾಗೆ ನಿಲ್ಲುತ್ತದೆ.

ಕುತ್ತಿಗೆಯಲ್ಲಿ ಒಂದನ್ನು ಸೇರಿಸಿಕೊಳ್ಳಿ: ತಲೆಯನ್ನು ಒಂದು ಬದಿಗೆ ತಿರುಗಿಸಿದರೆ ಎದುರು ಬದಿಯಲ್ಲಿ ಕಿವಿಯ ಹಿಂದಿನ ಗಡ್ಡೆಮೂಳೆಯಿಂದ ಎದೆಯ ಮೇಲಿನ ಕುಳಿಯವರೆಗೆ ಹಗ್ಗದಂತೆ ನಿಲ್ಲುವ ಸ್ನಾಯು. ತಲೆ ಕುತ್ತಿಗೆಯ ಮೇಲೆ ಕುಳಿತಂತೆ ಕಾಣುವುದು ಅದರಿಂದಲೇ.

ಹಂತ 5: ಟ್ರೇಸಿಂಗ್ ಪೇಪರಿನ ಪರೀಕ್ಷೆ

ಅಂಗಾಂಗಗಳಿಗೆ ಹೋಗುವ ಮೊದಲು ಇದನ್ನು ಮಾಡಲೇಬೇಕು. ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಮುಖದ ಫೋಟೋದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, ಆ ಮುಖದ ಒಳಗಿನ ಬುರುಡೆಯನ್ನು ಬಿಡಿಸಿ. ಮುಖದ ಗೆರೆಗಳನ್ನು ಟ್ರೇಸ್ ಮಾಡುವುದಲ್ಲ. ಕಣ್ಣುಗೂಡಿನ ಅಂಚು, ಕೆನ್ನೆಮೂಳೆಯ ಕಮಾನು, ದವಡೆಯ ಮೂಲೆ, ಹಲ್ಲಿನ ಸಾಲು ಎಲ್ಲಿರಬೇಕು ಎಂದು ನಿರ್ಧರಿಸಿ ಹಾಕುವುದು. ನಂತರ ಪೇಪರನ್ನು ಎತ್ತಿ ಬಿಳಿ ಹಾಳೆಯ ಮೇಲೆ ಇಟ್ಟು ನೋಡಿ. ಬುರುಡೆ ಎರಡೂ ಬದಿ ಸಮನಾಗಿ ನಿಂತರೆ ಸರಿ. ಒಂದು ಕಣ್ಣುಗೂಡು ಕೆಳಗಿಳಿದಿದ್ದರೆ, ದವಡೆ ಒಂದು ಬದಿಗೆ ಸೊಟ್ಟಗಾಗಿದ್ದರೆ, ಫೋಟೋದಲ್ಲಿ ತಲೆ ಎತ್ತ ವಾಲಿದೆ ಎನ್ನುವುದನ್ನೇ ನೀವು ಓದಿಲ್ಲ. ಇಪ್ಪತ್ತು ಫೋಟೋಗಳ ಮೇಲೆ ಇದನ್ನು ಮಾಡಿದವರ ಕೈ ಬದಲಾಗುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ, ಬೇರಾವ ಅಭ್ಯಾಸವೂ ಇಷ್ಟು ಬೇಗ ಫಲ ಕೊಟ್ಟಿಲ್ಲ.

ಫೋಟೋ ಆರಿಸುವಾಗ ಒಂದು ಎಚ್ಚರ. ಕೈ ಚಾಚಿ ತೆಗೆದ ಸೆಲ್ಫಿಯಲ್ಲಿ ಮೂಗು ದೊಡ್ಡದಾಗಿ, ಕಿವಿಗಳು ಚಿಕ್ಕದಾಗಿ ಹಿಂದೆ ಸರಿದು ಕಾಣುತ್ತವೆ, ಏಕೆಂದರೆ ಕ್ಯಾಮೆರಾಗೆ ಮೂಗು ಕಿವಿಗಿಂತ ತೀರ ಹತ್ತಿರವಿರುತ್ತದೆ. ಎರಡು ಮೀಟರ್ ದೂರ ನಿಂತು ಝೂಮ್ ಮಾಡಿ ತೆಗೆದ ಫೋಟೋ ಬಳಸಿ. ಫ್ಲ್ಯಾಶ್ ಹಾಕಿ ತೆಗೆದದ್ದೂ ಬೇಡ. ಎದುರಿನಿಂದ ಬಿದ್ದ ಬೆಳಕು ಮೂಳೆಯ ಏರುತಗ್ಗನ್ನೆಲ್ಲ ಅಳಿಸಿಹಾಕುತ್ತದೆ.

ಹಂತ 6: ಕಣ್ಣು, ಮೂಗು, ಬಾಯಿ, ಕಿವಿ

ಕಣ್ಣನ್ನು ಗೆರೆಯಿಂದಲ್ಲ, ಗುಡ್ಡೆಯಿಂದ ಶುರುಮಾಡಿ. ವಯಸ್ಕರ ಕಣ್ಣುಗುಡ್ಡೆಯ ವ್ಯಾಸ ಸುಮಾರು 24 ಮಿಲಿಮೀಟರ್. ಹೊರಗೆ ಕಾಣುವುದು ಅದರ ಸಣ್ಣ ಪಾಲು ಮಾತ್ರ. ಕಣ್ಣುಗೂಡಿನೊಳಗೆ ಒಂದು ಗೋಲಿ ಕೂರಿಸಿ, ಅದರ ಮೇಲೆ ಎರಡು ರೆಪ್ಪೆಗಳನ್ನು ದಪ್ಪ ಬಟ್ಟೆಯ ಹಾಗೆ ಸುತ್ತಿಸಿ. ರೆಪ್ಪೆಗೆ ದಪ್ಪವಿದೆ, ಕೆಳರೆಪ್ಪೆಯ ಆ ದಪ್ಪದ ಮೇಲೆ ಬೆಳಕು ನಿಲ್ಲುತ್ತದೆ, ಕೂದಲು ಹುಟ್ಟುವುದು ಅದರ ಹೊರ ಅಂಚಿನಿಂದ. ಮೇಲ್ರೆಪ್ಪೆಯ ಅತಿ ಎತ್ತರದ ಬಿಂದು ಮೂಗಿನ ಕಡೆಗೂ ಕೆಳರೆಪ್ಪೆಯ ಅತಿ ತಗ್ಗಿನ ಬಿಂದು ಕಿವಿಯ ಕಡೆಗೂ ಸರಿದಿರುತ್ತದೆ. ಇವೆರಡನ್ನೂ ನಡುವಿಗೆ ಇಟ್ಟರೆ ಕಣ್ಣು ಬಾದಾಮಿಯ ಅಚ್ಚಿನಂತಾಗಿ ಜೀವ ಕಳೆದುಕೊಳ್ಳುತ್ತದೆ. ಮಾಮೂಲು ನೋಟದಲ್ಲಿ ಮೇಲ್ರೆಪ್ಪೆ ಕಪ್ಪುಗುಡ್ಡೆಯ ಮೇಲಂಚನ್ನು ಸ್ವಲ್ಪ ಮುಚ್ಚಿರುತ್ತದೆ. ಪೂರ್ತಿ ವೃತ್ತ ತೋರಿಸಿದರೆ ವ್ಯಕ್ತಿ ಬೆಚ್ಚಿಬಿದ್ದಂತೆ ಕಾಣುತ್ತಾರೆ. ಕಣ್ಣಿನ ಬಿಳಿಯನ್ನು ಕಾಗದದ ಬಿಳಿಯಾಗಿಯೇ ಬಿಡಬಾರದು. ಅದು ನೆರಳಿನಲ್ಲಿರುವ ಒಂದು ಚೆಂಡು, ಮೇಲ್ರೆಪ್ಪೆಯ ನೆರಳೂ ಅದರ ಮೇಲೆ ಬಿದ್ದಿರುತ್ತದೆ.

ಮೂಗಿನ ದಿಬ್ಬವನ್ನು ಎರಡು ಬೆರಳಿನಲ್ಲಿ ಹಿಡಿದು ಮೇಲಿನಿಂದ ಕೆಳಗೆ ಬನ್ನಿ. ಅರ್ಧದ ಆಸುಪಾಸಿನಲ್ಲಿ ಮೂಳೆ ಮುಗಿದು ಮೃದ್ವಸ್ಥಿ ಶುರುವಾಗುತ್ತದೆ, ಅಲ್ಲಿಂದ ಕೆಳಗೆ ಮೂಗು ಅಲುಗಾಡುತ್ತದೆ. ಎಷ್ಟೋ ಮೂಗುಗಳ ಉಬ್ಬು ಅಥವಾ ಅಗಲ ಇರುವುದು ಈ ಕೂಡುವ ಜಾಗದಲ್ಲಿ. ಮೂಗನ್ನು ಮೊದಲು ಬೆಣೆಯಾಗಿ ಬಿಡಿಸಿ: ಮೇಲೊಂದು ಮುಖ, ಎರಡು ಪಕ್ಕ, ಕೆಳಗೊಂದು ತಳ. ನಂತರವೇ ತುದಿಯ ಚೆಂಡು ಮತ್ತು ಎರಡು ರೆಕ್ಕೆಗಳು. ಹೊಳ್ಳೆಗಳನ್ನು ಗಾಢ ಕಪ್ಪು ಚುಕ್ಕೆಗಳಾಗಿ ತುಂಬುವುದನ್ನು ನಿಲ್ಲಿಸಿ. ಅವು ತಳದ ನೆರಳಿನೊಳಗೆ ಸ್ವಲ್ಪ ಹೆಚ್ಚು ಗಾಢವಾದ ಜಾಗಗಳಷ್ಟೇ.

ಬಾಯಿ ಹಲ್ಲಿನ ಕಮಾನಿನ ಮೇಲೆ ಸುತ್ತಿಕೊಂಡಿದೆ. ಮೇಲ್ತುಟಿಯಲ್ಲಿ ನಡುವೆ ಒಂದು, ಬದಿಗಳಲ್ಲಿ ಎರಡು ಉಬ್ಬು, ಕೆಳತುಟಿಯಲ್ಲಿ ಎರಡು. ಮೇಲಿನಿಂದ ಬೆಳಕು ಬಿದ್ದಾಗ ಮೇಲ್ತುಟಿ ಕೆಳಕ್ಕೆ ಮುಖ ಮಾಡಿರುವುದರಿಂದ ನೆರಳಿನಲ್ಲಿರುತ್ತದೆ, ಕೆಳತುಟಿ ಬೆಳಕು ಹಿಡಿಯುತ್ತದೆ, ಅದರ ಕೆಳಗೆ ಮತ್ತೆ ನೆರಳು. ತುಟಿಗಳ ಸುತ್ತ ಗೆರೆ ಎಳೆಯಬೇಡಿ. ತುಟಿಗಳು ಸೇರುವ ಗೆರೆಯನ್ನು ಸರಿಯಾಗಿ ಹಾಕಿ, ಕೆಳತುಟಿಯ ಕೆಳಗಿನ ನೆರಳನ್ನು ಇಟ್ಟರೆ ಬಾಯಿ ತಾನಾಗಿ ನಿಲ್ಲುತ್ತದೆ.

ಕಿವಿ ಹುಬ್ಬಿನ ಮಟ್ಟದಿಂದ ಮೂಗಿನ ಬುಡದ ಮಟ್ಟದವರೆಗೆ, ಪಕ್ಕದಿಂದ ನೋಡಿದರೆ ಸ್ವಲ್ಪ ಹಿಂದಕ್ಕೆ ವಾಲಿಕೊಂಡಿರುತ್ತದೆ. ಹೊರ ಸುರುಳಿ, ಅದರೊಳಗೆ ಕವಲಾಗುವ ಇನ್ನೊಂದು ಏಣು, ತೂತಿನ ಮುಂದಿನ ಸಣ್ಣ ಮುಚ್ಚಳ, ಹಾಲೆ, ಇಷ್ಟು ಕಲಿತರೆ ಆಯಿತು.

ಹಂತ 7: ತಲೆ ಬಾಗಿದಾಗ, ತಿರುಗಿದಾಗ

ಎದುರಿನ ನೋಟ ಚೆನ್ನಾಗಿ ಬರುವವರೂ ಇಲ್ಲಿ ಸೋಲುತ್ತಾರೆ. ತಲೆ ಬಾಗಿದರೂ ಮೂಗು, ಬಾಯಿಗಳನ್ನು ನೇರ ಅಡ್ಡಗೆರೆಗಳ ಮೇಲೆಯೇ ಇಡುವುದು ಇದಕ್ಕೆ ಕಾರಣ. ಒಂದು ತೆಂಗಿನಕಾಯಿಯ ಸುತ್ತ ಹುಬ್ಬು, ಮೂಗಿನ ಬುಡ, ಬಾಯಿಯ ಮಟ್ಟಗಳಿಗೆ ಮೂರು ರಬ್ಬರ್ ಬ್ಯಾಂಡ್ ಹಾಕಿ, ಕಣ್ಣಿನ ಮಟ್ಟದಲ್ಲಿ ಹಿಡಿದು ನಿಮ್ಮ ಕಡೆಗೆ ಬಾಗಿಸಿ. ಬ್ಯಾಂಡುಗಳು ಕೆಳಕ್ಕೆ ಬಾಗಿದ ಕಮಾನುಗಳಾಗುತ್ತವೆ. ಹಿಂದಕ್ಕೆ ಒರಗಿಸಿದರೆ ಅವೇ ಮೇಲಕ್ಕೆ ಬಾಗುತ್ತವೆ.

ಕಿವಿಯೇ ಇಲ್ಲಿ ನಂಬಬಹುದಾದ ಸಾಕ್ಷಿ. ತಲೆ ತಗ್ಗಿಸಿದಾಗ ಕಿವಿ ಕಣ್ಣಿಗಿಂತ ಮೇಲೆ ಏರಿದಂತೆ ಕಾಣುತ್ತದೆ, ಹಣೆ ಮತ್ತು ನೆತ್ತಿ ದೊಡ್ಡದಾಗುತ್ತವೆ, ಮೂಗಿನ ತುದಿ ಬಾಯಿಯ ಹತ್ತಿರಕ್ಕೆ ಬರುತ್ತದೆ. ತಲೆ ಎತ್ತಿದಾಗ ಕಿವಿ ಕೆಳಗಿಳಿಯುತ್ತದೆ, ಮೂಗಿನ ತಳ ಮತ್ತು ದವಡೆಯ ಅಡಿಭಾಗ ಕಾಣುತ್ತವೆ, ಹಣೆ ಕುಗ್ಗುತ್ತದೆ. ಮುಕ್ಕಾಲು ನೋಟದಲ್ಲಿ, ಅಂದರೆ ಮುಖ ಎದುರಿಗೂ ಪಕ್ಕಕ್ಕೂ ನಡುವೆ ತಿರುಗಿರುವಾಗ, ದೂರದ ಕಣ್ಣು ಹತ್ತಿರದ ಕಣ್ಣಿಗಿಂತ ಕಿರಿದಾಗಬೇಕು. ದೂರದ ಬದಿಯ ಅಂಚುಗೆರೆ ಹಣೆಯಿಂದ ಹೊರಟು ಕಣ್ಣುಗೂಡಿನಲ್ಲಿ ಒಳಗೆ ಹೋಗಿ, ಕೆನ್ನೆಮೂಳೆಯಲ್ಲಿ ಹೊರಗೆ ಬಂದು, ಬಾಯಿಯ ಬಳಿ ಮತ್ತೆ ಒಳಸರಿದು ಗದ್ದಕ್ಕೆ ಸೇರುತ್ತದೆ. ಈ ಅಂಚು ನುಣ್ಣಗಿನ ಒಂದೇ ಬಾಗು ಆಗಿದ್ದರೆ ಹಂತ 2ಕ್ಕೆ ಹಿಂದಿರುಗಿ, ಬುರುಡೆಯನ್ನು ಅದೇ ಕೋನಕ್ಕೆ ತಿರುಗಿಸಿ ಐದು ಬಾರಿ ಬಿಡಿಸಿ.

ಹಂತ 8: ನಗು, ವಯಸ್ಸು, ಮಗು

ಕನ್ನಡಿಯ ಮುಂದೆ ನಿಧಾನವಾಗಿ ನಗಿ. ಕಟಬಾಯಿ ಮೇಲಕ್ಕೂ ಹಿಂದಕ್ಕೂ ಹೋಗುತ್ತದೆ, ಕೆನ್ನೆಯ ಕೊಬ್ಬು ಒಟ್ಟಾಗಿ ಮೇಲೇರುತ್ತದೆ, ಮೂಗಿನ ರೆಕ್ಕೆಯಿಂದ ಕಟಬಾಯಿಯಾಚೆಗೆ ಇಳಿಯುವ ಮಡಿಕೆ ಆಳವಾಗುತ್ತದೆ, ಕೆಳರೆಪ್ಪೆ ಮೇಲಕ್ಕೆ ತಳ್ಳಲ್ಪಟ್ಟು ಕಣ್ಣು ಕಿರಿದಾಗುತ್ತದೆ, ತುಟಿಗಳು ಹಲ್ಲಿನ ಮೇಲೆ ಬಿಗಿದು ತೆಳುವಾಗುತ್ತವೆ. ಬಾಯಿಯನ್ನು ಮಾತ್ರ ಬಾಗಿಸಿ ಕಣ್ಣನ್ನು ಹಾಗೆಯೇ ಬಿಟ್ಟ ಚಿತ್ರ ಸುಳ್ಳು ನಗುವಾಗುವುದು ಇದರಿಂದಲೇ.

ವಯಸ್ಸನ್ನು ಸುಕ್ಕಿನಿಂದ ತೋರಿಸಲು ಹೊರಟರೆ ಯುವಕನ ಮುಖದ ಮೇಲೆ ಗೆರೆ ಎಳೆದಂತಾಗುತ್ತದೆ. ನನಗೆ ಇದು ಅರ್ಥವಾದದ್ದು ನಮ್ಮ ಅಜ್ಜಿಯ ಮುಖ ಬಿಡಿಸುವಾಗ. ಅವರು ಮಧ್ಯಾಹ್ನ ಊಟ ಮುಗಿಸಿ ಹಲ್ಲಿನ ಸೆಟ್ಟನ್ನು ತೆಗೆದು ನೀರಿನ ಲೋಟಕ್ಕೆ ಹಾಕಿದೊಡನೆ ಗದ್ದ ಮೂಗಿನ ಕಡೆಗೆ ಏರಿಬರುತ್ತಿತ್ತು, ತುಟಿಗಳು ಒಳಗೆ ಮಡಚಿಕೊಳ್ಳುತ್ತಿದ್ದವು, ನಾನು ಅಳೆದು ಹಾಕಿದ್ದ ಕೆಳಗಿನ ಮೂರನೆಯ ಪಾಲು ಕಣ್ಣೆದುರೇ ಗಿಡ್ಡವಾಗುತ್ತಿತ್ತು. ಹಲ್ಲು ಬಿದ್ದ ಮೇಲೆ ಅವನ್ನು ಹಿಡಿದಿದ್ದ ಮೂಳೆಯೂ ಸವೆದುಹೋಗುತ್ತದೆ. ಹಾಗಾಗಿ ವಯಸ್ಸನ್ನು ಮೊದಲು ಬುರುಡೆಯಲ್ಲಿ ಬದಲಿಸಿ, ನಂತರ ಕಣತಲೆಯ ತಗ್ಗು, ಕೆನ್ನೆಯ ಇಳಿತ, ಉದ್ದವಾದ ಕಿವಿಹಾಲೆ, ಎಲ್ಲಕ್ಕಿಂತ ಕಡೆಗೆ ಸುಕ್ಕು.

ಮಗುವಿನದು ಬೇರೆಯೇ ಲೆಕ್ಕ. ತಲೆಯ ಮೇಲ್ಭಾಗ ದೊಡ್ಡದು, ಮುಖ ಚಿಕ್ಕದು. ಕಣ್ಣಿನ ಗೆರೆ ಅರ್ಧಕ್ಕಿಂತ ಕೆಳಗೆ ಬರುತ್ತದೆ, ಮೂಗಿನ ದಿಬ್ಬ ತಗ್ಗಾಗಿರುತ್ತದೆ, ಗದ್ದ ಒಳಸರಿದಿರುತ್ತದೆ. ವಯಸ್ಕರ ಅಳತೆಯನ್ನು ಕುಗ್ಗಿಸಿ ಮಗುವಿಗೆ ಹಾಕಿದರೆ ಸಣ್ಣ ಗಾತ್ರದ ಮುದುಕರು ಬರುತ್ತಾರೆ.

ದಿನದ ಒಂದು ಗಂಟೆಯನ್ನು ಹಂಚುವುದು

ಮೊದಲ ಹದಿನೈದು ನಿಮಿಷ ನೋಡದೆ, ನೆನಪಿನಿಂದ ಬುರುಡೆಯನ್ನು ಒಂದು ಕೋನದಲ್ಲಿ ಬಿಡಿಸಿ. ಮುಂದಿನ ಅರ್ಧ ಗಂಟೆ ಅಂದಿನ ಹಂತದ ಅಭ್ಯಾಸ, ಮುಟ್ಟಿ ನೋಡುತ್ತ. ಉಳಿದ ಹದಿನೈದು ನಿಮಿಷ ನೆನಪಿನಿಂದ ಬಿಡಿಸಿದ್ದನ್ನು ಬುರುಡೆಯ ಪಕ್ಕದಲ್ಲಿಟ್ಟು, ತಪ್ಪಿದ ಜಾಗಗಳನ್ನು ಕೆಂಪು ಪೆನ್ಸಿಲಿನಲ್ಲಿ ತಿದ್ದಿ. ಹಾಳೆಯನ್ನು ಕನ್ನಡಿಯಲ್ಲಿ ಹಿಡಿದು ನೋಡಿದರೆ ಕಣ್ಣಿಗೆ ಒಗ್ಗಿಹೋಗಿದ್ದ ಸೊಟ್ಟ ಕೂಡಲೇ ಎದ್ದು ಕಾಣುತ್ತದೆ. ಪ್ರತಿ ಹಾಳೆಗೂ ದಿನಾಂಕ ಹಾಕಿ ಒಂದೇ ಫೈಲಿನಲ್ಲಿ ಇಡಿ. ಹದಿನೈದು ದಿನಕ್ಕೊಮ್ಮೆ ಹಾಳೆಗಳನ್ನು ನೆಲದ ಮೇಲೆ ಹರಡಿ, ಕೆಂಪು ಗುರುತು ಯಾವ ಜಾಗದಲ್ಲಿ ಪದೇ ಪದೇ ಬಿದ್ದಿದೆ ಎಂದು ನೋಡಿ. ಮುಂದಿನ ಹದಿನೈದು ದಿನ ಅರ್ಧ ಗಂಟೆಯ ಅಭ್ಯಾಸವನ್ನು ಆ ಜಾಗದಿಂದಲೇ ಶುರುಮಾಡಿ.